ಇವತ್ತಿನ ಮಟ್ಟಿಗೆ

ನಾಗಪುರದ ಮಹಾಲ್‌ನಲ್ಲಿ ಮನೆ ಮಾಡಿಕೊಂಡು, ಜೊತೆಗಿದ್ದ ಜೀವವನ್ನು ಕಳೆದುಕೊಂಡ ಕನ್ನಡಿಗರಿಗೆ ಒಂದು ಮಾತು. ಹದಿಮೂರನೇ ದಿನ ಮುಗಿದು, ಊರಿಂದ ಬಂದ ನೆಂಟರೆಲ್ಲ ರೈಲು ಹತ್ತಿದ ಮೇಲೆಯೇ ನಿಜವಾದ ಕಷ್ಟ ಶುರು. ಬೆಳಿಗ್ಗೆ ಕೈ ತಾನಾಗಿಯೇ ಎರಡು ಲೋಟ ಚಹಾಕ್ಕೆ ನೀರಿಡುತ್ತದೆ. ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಆ ಇನ್ನೊಂದು ಲೋಟವನ್ನು ಪಕ್ಕದ ಮನೆಯವರಿಗೆ ಕೊಡಿ. ನಿಮ್ಮ ಮರಾಠಿ ಅಷ್ಟಕ್ಕಷ್ಟೇ ಇದ್ದರೂ ಚಿಂತೆಯಿಲ್ಲ.

ಈ ಕ್ಷಣದಲ್ಲಿ ಬದುಕಿ ಎನ್ನುವವರು ಬಹಳ ಸಿಗುತ್ತಾರೆ. ಹೋದವರನ್ನು ಮರೆಯಬೇಕೇನೋ ಎಂಬ ಭಯ ಆಗ ಹುಟ್ಟುತ್ತದೆ. ಮರೆಯಬೇಕಾಗಿಲ್ಲ. ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಎಂಬ ಮನೋವಿಜ್ಞಾನಿಗಳು 1999ರಲ್ಲೇ ಹೇಳಿದ್ದಾರೆ: ದುಃಖದಲ್ಲಿರುವ ಮನಸ್ಸು ಒಮ್ಮೆ ನೋವಿನ ಕಡೆಗೆ, ಒಮ್ಮೆ ದಿನದ ಬದುಕಿನ ಕಡೆಗೆ ಓಲಾಡುತ್ತದೆ, ಹಾಗೆ ಓಲಾಡುವುದೇ ಸಹಜ. ಬಡಕಸ್ ಚೌಕದ ಕಡೆ ಹೋದಾಗ ಒಂದು ಪ್ಲೇಟು ತರ್ರಿ ಪೋಹಾ ತೆಗೆದುಕೊಳ್ಳಿ. ಹಳದಿ ಅವಲಕ್ಕಿಯ ಮೇಲೆ ಕೆಂಪನೆಯ ಕಡಲೆ ರಸ ಹರಡಿ ಇಳಿಯುವುದನ್ನು ನೋಡಿ, ಬಿಸಿಬಿಸಿಯಾಗಿ ತಿನ್ನಿ. ರುಚಿ ಎನಿಸಿದರೆ ಹೋದವರಿಗೆ ದ್ರೋಹ ಬಗೆದಂತಲ್ಲ. ಮರುಗಳಿಗೆ ಅಳು ಬಂದರೆ ಅತ್ತುಬಿಡಿ. ಸಂಜೆ ಗಾಂಧಿಸಾಗರದ ಕಡೆ ನಾಲ್ಕು ಹೆಜ್ಜೆ ಹಾಕಿ.

ತಿಂಗಳುಗಟ್ಟಲೆ ಊಟ, ನಿದ್ದೆ ಹತ್ತಿರ ಸುಳಿಯದಿದ್ದರೆ ಸುಮ್ಮನಿರಬೇಡಿ. ಬದುಕೇ ಬೇಡವೆನಿಸಿದರಂತೂ ಆ ಕೂಡಲೇ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯಿದು. ಉಚಿತ, ಹಗಲೂ ರಾತ್ರಿಯೂ ಇರುತ್ತದೆ. ಕನ್ನಡದಲ್ಲೇ ಮಾತಾಡಬೇಕು ಎಂದು ಕೇಳಿಕೊಳ್ಳಿ.