ಮೆದುಳು ಮತ್ತು ಗಣಕಯಂತ್ರ: ಇಚ್ಛೆಗೆ ಹೊಸ ದಾರಿ

ಮನುಷ್ಯನು ತನ್ನ ಇಚ್ಛೆಯನ್ನು ಪರರಿಗೆ ತಿಳಿಸುವುದು ಸ್ನಾಯುಗಳ ಮೂಲಕ. ಮಾತಿಗೆ ನಾಲಿಗೆ, ಬರಹಕ್ಕೆ ಬೆರಳು, ಸನ್ನೆಗೆ ಕಣ್ಣು ಬೇಕು. ಮೆದುಳಿನ ಕಾಂಡಕ್ಕೆ ಆಘಾತವಾದಾಗ ಅಥವಾ ಎ.ಎಲ್.ಎಸ್.ನಂತಹ ನರರೋಗವು ಮುಂದುವರಿದಾಗ, ಬುದ್ಧಿಯು ಎಚ್ಚರವಾಗಿದ್ದರೂ ದೇಹವು ಅದರ ಆಜ್ಞೆಯನ್ನು ಪಾಲಿಸದಂತಾಗಬಹುದು. ಅಂತಹವರ ಇಚ್ಛೆಯನ್ನು ಸ್ನಾಯುಗಳ ನೆರವಿಲ್ಲದೆ ಹೊರತರುವ ಸಾಧನವೇ ಮೆದುಳು-ಗಣಕಯಂತ್ರ ಸಂಪರ್ಕ ವ್ಯವಸ್ಥೆ.

ಹಿನ್ನೆಲೆ

ಮೆದುಳಿನ ನರಕೋಶಗಳು ಕೆಲಸ ಮಾಡುವಾಗ ಅತಿ ಕ್ಷೀಣವಾದ ವಿದ್ಯುತ್ ಸಂಕೇತಗಳು ಉಂಟಾಗುತ್ತವೆ. ಜರ್ಮನಿಯ ಮನೋವೈದ್ಯ ಹಾನ್ಸ್ ಬರ್ಗರ್ ಅವರು 1924ರಲ್ಲಿ ಇವುಗಳನ್ನು ಮಾನವನಲ್ಲಿ ಮೊದಲಿಗೆ ದಾಖಲಿಸಿ, 1929ರಲ್ಲಿ ಪ್ರಕಟಿಸಿದರು. ಮೂರ್ಛೆರೋಗದ ತಪಾಸಣೆಗೆ ಆಸ್ಪತ್ರೆಗಳಲ್ಲಿ ಬಳಸುವ ಇ.ಇ.ಜಿ. ಪರೀಕ್ಷೆಯ ಮೂಲವಿದು. ಈ ಸಂಕೇತಗಳಿಂದ ಗಣಕಯಂತ್ರವನ್ನು ನಡೆಸಬಹುದೇ ಎಂಬ ಪ್ರಶ್ನೆಯನ್ನು 1973ರಲ್ಲಿ ಲಾಸ್ ಏಂಜಲಿಸ್‌ನ ವಿಜ್ಞಾನಿ ಜಾಕ್ ವಿದಾಲ್ ಮುಂದಿಟ್ಟರು.

ಅಕ್ಷರವನ್ನು ಆರಿಸುವ ಬಗೆ

1988ರಲ್ಲಿ ಫಾರ್ವೆಲ್ ಮತ್ತು ಡಾಂಚಿನ್ ಎಂಬ ಸಂಶೋಧಕರು ಒಂದು ಸರಳ ವಿಧಾನವನ್ನು ತೋರಿಸಿಕೊಟ್ಟರು. ಪರದೆಯ ಮೇಲೆ 6 ಸಾಲು, 6 ಕಂಬಗಳಲ್ಲಿ ಅಕ್ಷರಗಳಿರುತ್ತವೆ. ಸಾಲುಗಳೂ ಕಂಬಗಳೂ ಒಂದಾದ ಮೇಲೊಂದು ಮಿನುಗುತ್ತವೆ. ಬಳಕೆದಾರನು ತನಗೆ ಬೇಕಾದ ಅಕ್ಷರವು ಎಷ್ಟು ಬಾರಿ ಮಿನುಗಿತೆಂದು ಮನಸ್ಸಿನಲ್ಲೇ ಎಣಿಸುತ್ತಾನೆ. ಅದು ಮಿನುಗಿದ ಸುಮಾರು 300 ಮಿಲಿಸೆಕೆಂಡುಗಳ ನಂತರ ಮೆದುಳಿನಲ್ಲಿ ಒಂದು ವಿಶಿಷ್ಟ ಅಲೆ ಏಳುತ್ತದೆ. ಇದಕ್ಕೆ 'ಪಿ-300' ಎಂದು ಹೆಸರು. ಯಾವ ಸಾಲು, ಯಾವ ಕಂಬ ಈ ಅಲೆಯನ್ನು ಎಬ್ಬಿಸಿದವೋ ಅವು ಕೂಡುವ ಮನೆಯಲ್ಲಿರುವುದೇ ಆ ಅಕ್ಷರ.

ಸಂಕೇತವು ಕ್ಷೀಣವಾದ್ದರಿಂದ ಒಂದೊಂದು ಅಕ್ಷರಕ್ಕೂ ಹಲವು ಬಾರಿ ಮಿನುಗಿಸಬೇಕಾಗುತ್ತದೆ. ಇಲ್ಲಿ ಯಂತ್ರವು ಮನಸ್ಸನ್ನು ಓದುವುದಿಲ್ಲ, ಗಮನವು ಹರಿದ ಕ್ಷಣವನ್ನು ಮಾತ್ರ ಗುರುತಿಸುತ್ತದೆ. ಕಾಗುಣಿತ, ಒತ್ತಕ್ಷರಗಳುಳ್ಳ ಕನ್ನಡಕ್ಕೆ ಇಂತಹ ಫಲಕವನ್ನು ಬೇರೆಯಾಗಿಯೇ ರೂಪಿಸಬೇಕಾಗುತ್ತದೆ.

ಮೆದುಳಿನಲ್ಲಿ ಅಳವಡಿಸುವ ಸಾಧನ

ಇನ್ನೂ ಸ್ಪಷ್ಟವಾದ ಸಂಕೇತಕ್ಕಾಗಿ ಶಸ್ತ್ರಚಿಕಿತ್ಸೆಯ ಮೂಲಕ ಮೆದುಳಿನಲ್ಲಿಯೇ ಸೂಕ್ಷ್ಮ ವಿದ್ಯುದ್ವಾರಗಳನ್ನು ಇರಿಸಲಾಗುತ್ತದೆ. 2004ರಲ್ಲಿ ಅಮೆರಿಕದಲ್ಲಿ ಕೈಕಾಲುಗಳ ಸ್ವಾಧೀನ ತಪ್ಪಿದ್ದ ವ್ಯಕ್ತಿಯೊಬ್ಬರಿಗೆ 96 ವಿದ್ಯುದ್ವಾರಗಳ ಪುಟ್ಟ ಫಲಕವನ್ನು ಅಳವಡಿಸಲಾಯಿತು. ಪಾರ್ಶ್ವವಾಯುವಿನಿಂದ ಸುಮಾರು 15 ವರ್ಷ ನಿಶ್ಚಲರಾಗಿದ್ದ ಮಹಿಳೆಯೊಬ್ಬರು ಯಂತ್ರದ ತೋಳನ್ನು ಇಚ್ಛೆಯಿಂದಲೇ ಚಲಿಸಿ ತಾವಾಗಿ ಕಾಫಿ ಕುಡಿದ ವರದಿ 2012ರಲ್ಲಿ ಪ್ರಕಟವಾಯಿತು. 2021ರಲ್ಲಿ, ಕೈಯಿಂದ ಬರೆಯುವಂತೆ ಕಲ್ಪಿಸಿಕೊಂಡ ವ್ಯಕ್ತಿಯೊಬ್ಬರು ನಿಮಿಷಕ್ಕೆ 90 ಅಕ್ಷರಗಳನ್ನು ಮೂಡಿಸಿದರು. ಆದರೆ ಶಸ್ತ್ರಚಿಕಿತ್ಸೆಯಿಂದ ಸೋಂಕಿನ ಭಯವಿದೆ. ಕಾಲಕ್ರಮದಲ್ಲಿ ಸಂಕೇತವು ಕುಗ್ಗುವುದೂ ಉಂಟು.

ಸಮ್ಮತಿಯ ಪ್ರಶ್ನೆ

ಅಕ್ಷರವನ್ನು ಆರಿಸಲು ನೆರವಾಗುವ ಪಿ-300 ಅಲೆಯನ್ನೇ ನಮ್ಮ ದೇಶದಲ್ಲಿ ಅಪರಾಧ ತನಿಖೆಗೂ ಬಳಸಲಾಗಿದೆ. ಘಟನೆಗೆ ಸಂಬಂಧಿಸಿದ ಮಾತು ಅಥವಾ ಚಿತ್ರಗಳನ್ನು ಶಂಕಿತನ ಮುಂದಿಟ್ಟು, ಅವನ ಮೆದುಳಿನ ಪ್ರತಿಕ್ರಿಯೆಯನ್ನು ಅಳೆಯುವುದು ಇದರ ಕ್ರಮ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಮೊಕದ್ದಮೆಯಲ್ಲಿ 2010ರ ಮೇ 5ರಂದು ಸರ್ವೋಚ್ಚ ನ್ಯಾಯಾಲಯವು, ಯಾರನ್ನೂ ಬಲವಂತದಿಂದ ಇಂತಹ ಪರೀಕ್ಷೆಗೆ ಒಳಪಡಿಸಕೂಡದೆಂದು ತೀರ್ಪು ನೀಡಿತು. ಸಂವಿಧಾನದ 20(3) ಹಾಗೂ 21ನೆಯ ವಿಧಿಗಳು ಈ ತೀರ್ಪಿಗೆ ಆಧಾರವಾದವು.

ರೋಗಿಯ ವಿಷಯದಲ್ಲಿಯೂ ಇದೇ ನಿಯಮವು ಸಲ್ಲಬೇಕು. ಮಾತನಾಡಲಾರದವನಿಗೆ ಅಭಿಪ್ರಾಯವೇ ಇಲ್ಲವೆಂದು ಭಾವಿಸುವುದು ತಪ್ಪು. ಕಣ್ಣೆವೆ ಅಲುಗಿಸಬಲ್ಲವನಿಗೆ ಹೌದು-ಅಲ್ಲ ಎನ್ನಲು ಒಂದು ಸನ್ನೆಯನ್ನು ಗೊತ್ತುಮಾಡಿ, ಕಾಗದದ ಅಕ್ಷರಫಲಕವನ್ನು ಹಿಡಿದು ಕೇಳಬಹುದು. ಇದಕ್ಕೆ ಖರ್ಚಿಲ್ಲ, ತಾಳ್ಮೆಯೊಂದಿದ್ದರೆ ಸಾಕು. ಯಾವ ಯಂತ್ರವನ್ನು ತರುವ ಮುನ್ನವೂ ಮನೆಯವರು ಮತ್ತು ವೈದ್ಯರು ಈ ರೀತಿಯಲ್ಲಿ ಮೊದಲು ಅವನನ್ನೇ ಕೇಳಬೇಕು.