ಮೊದಲ ವಾದ್ಯ ಯಾವುದಿರಲಿ?

ಹಗರೆಯವರಿಗೆ ಬೇಲೂರು, ಹಳೇಬೀಡು ಎರಡೂ ಹತ್ತಿರ. ಅಲ್ಲಿನ ಗುಡಿಗಳಲ್ಲಿ ಕೊಳಲೂದುವ ವೇಣುಗೋಪಾಲನನ್ನು ಕಂಡು, ನಲವತ್ತು ದಾಟಿದ ಮೇಲೂ ಕಲಿಯುವ ಆಸೆ ಹುಟ್ಟಿದರೆ ಒಳ್ಳೆಯದೇ.

ಕೊಳಲು ಹಗುರ, ಬೆಲೆಯೂ ಕಡಿಮೆ. ಆದರೆ ಕರ್ನಾಟಕ ಶೈಲಿಯ ಕೊಳಲಿನಲ್ಲಿ ಬೆರಳಿಗೆ ಎಂಟು ರಂಧ್ರಗಳಿವೆ. ಮುಚ್ಚಬೇಕಾದ ಒಂದರಲ್ಲಿ ಕೂದಲೆಳೆಯಷ್ಟು ಸಂದಿ ಉಳಿದರೂ ಸ್ವರ ಕೆಡುತ್ತದೆ. ಶುರುವಿನಲ್ಲಿ ಬರೀ ಗಾಳಿಯ ಸದ್ದು ಬಂದರೆ ಎದೆಗುಂದಬಾರದು, ತುಟಿ ಪಳಗಲು ಸಮಯ ಬೇಕು.

ವೀಣೆಯ 24 ಮೆಟ್ಟಿಲುಗಳು ಸ್ವರದ ಜಾಗ ತೋರಿಸುತ್ತವೆ. ಪಿಟೀಲಿಗೆ ಮೆಟ್ಟಿಲೇ ಇಲ್ಲ, ಎಲ್ಲವನ್ನೂ ಕಿವಿಯೇ ಹುಡುಕಬೇಕು.

ಭಜನೆಗೆ ಜೊತೆಯಾದರೆ ಸಾಕೆನ್ನುವವರಿಗೆ ಹಾರ್ಮೋನಿಯಂ ವಾಸಿ: ಮನೆ ಒತ್ತಿ ತಿದಿ ಹಾಕಿದರೆ ಸ್ವರ ಸಿದ್ಧ.

ಏನೇ ಆಗಲಿ, ವಾರಕ್ಕೊಮ್ಮೆ ಹೋಗಿಬರುವಷ್ಟು ದೂರದಲ್ಲಿರುವ ಗುರುವನ್ನು ಮೊದಲು ಹುಡುಕಿ. ವಾದ್ಯವನ್ನು ಅವರಿಂದ ನುಡಿಸಿ ನೋಡಿಸಿಯೇ ಕೊಳ್ಳಿ.