ಪಿತ ದೇವರಿಗೆ ಬಿಳಿ ಗಡ್ಡ ಬರೆಯಬಹುದೇ?

ಪ್ರಶ್ನೆ: ನಾವು ಉಡುಪಿ ಕಡೆಯ ಕಥೋಲಿಕರು. ತೀರಿಹೋದ ಮಾವನ ನೆನಪಿಗಾಗಿ ನಮ್ಮ ಚರ್ಚಿನ ಬಲಿಪೀಠದ ಹಿಂದಿನ ಗೋಡೆಗೆ ತ್ರಯೇಕ ದೇವರ ಚಿತ್ರ ಬರೆಸಿಕೊಡುತ್ತೇವೆಂದು ಒಪ್ಪಿಕೊಂಡಿದ್ದೇವೆ. ಚಿತ್ರಗಾರರು ತಂದ ಸ್ಕೆಚ್ಚಿನಲ್ಲಿ ಪಿತ ದೇವರು ಮೋಡದ ಮೇಲೆ ಸಿಂಹಾಸನದಲ್ಲಿ ಕೂತಿದ್ದಾರೆ. ಉದ್ದ ಬಿಳಿ ಗಡ್ಡ, ತಲೆಯ ಹಿಂದೆ ಮುಕ್ಕೋನದ ಪ್ರಭೆ, ಕೈಯಲ್ಲಿ ಭೂಗೋಳ. ಸಿಎಸ್ಐ ಕುಟುಂಬಕ್ಕೆ ಮದುವೆಯಾಗಿ ಹೋಗಿರುವ ನನ್ನ ಅಕ್ಕ ಅದನ್ನು ನೋಡಿ, "ಕಾಣದ ದೇವರಿಗೆ ರೂಪ ಕೊಡುವುದು ಎರಡನೆಯ ಆಜ್ಞೆಗೆ ವಿರುದ್ಧ, ಮಾವನ ಹೆಸರಿನಲ್ಲಿ ಪಾಪ ಕಟ್ಟಿಕೊಳ್ಳಬೇಡ" ಎಂದಳು. ಎಂಟು ವರ್ಷದ ಮಗ, "ಅಮ್ಮಾ, ದೇವರಿಗೂ ವಯಸ್ಸಾಗುತ್ತದಾ?" ಎಂದು ಕೇಳಿದ. ಇಬ್ಬರಿಗೂ ಉತ್ತರ ಕೊಡಲಾಗಲಿಲ್ಲ. ಈಗ ಪ್ರಾರ್ಥನೆಗೆ ಕೂತರೆ ಆ ಮುದುಕನ ಮುಖವೇ ಅಡ್ಡ ಬರುತ್ತದೆ. ಏನು ಮಾಡಲಿ?

ಪ್ರಿಯ ಸಹೋದರಿ,

ಮೊದಲು ನಿಮ್ಮ ಮನಸ್ಸಿನ ಭಾರ ಇಳಿಸುತ್ತೇನೆ. ಬರೆಸಬಹುದು, ಅದು ಪಾಪವಲ್ಲ. ಪಿತ ದೇವರ ಚಿತ್ರವನ್ನು ಚರ್ಚಿನಲ್ಲಿ ಇಡುವುದೇ ತಪ್ಪು ಎಂಬ ವಾದವನ್ನು ಪೋಪ್ ಎಂಟನೆಯ ಅಲೆಕ್ಸಾಂಡರ್ 1690ರಲ್ಲೇ ತಳ್ಳಿಹಾಕಿದ್ದಾರೆ. ಮಾವನ ಹೆಸರಿಗೆ ಯಾವ ಕಳಂಕವೂ ತಟ್ಟುವುದಿಲ್ಲ.

ಹಾಗೆಂದು ಅಕ್ಕನ ಮಾತನ್ನು ಪಕ್ಕಕ್ಕೆ ಸರಿಸಬೇಡಿ. ಆಕೆ ನಿಂತಿರುವ ನೆಲ ಗಟ್ಟಿಯಾದದ್ದು. ಹೋರೇಬ್ ಬೆಟ್ಟದಲ್ಲಿ ನೀವು ಕೇಳಿದ್ದು ಧ್ವನಿಯನ್ನು ಮಾತ್ರ, ಯಾವ ರೂಪವನ್ನೂ ಕಾಣಲಿಲ್ಲ, ಆದ್ದರಿಂದ ಯಾವ ವಿಗ್ರಹವನ್ನೂ ಮಾಡಿಕೊಳ್ಳಬೇಡಿ ಎಂದು ಮೋಶೆ ತನ್ನ ಜನರಿಗೆ ಹೇಳುವುದು ಧರ್ಮೋಪದೇಶಕಾಂಡದಲ್ಲಿದೆ. ದೇವರನ್ನು ಯಾರೂ ಎಂದೂ ಕಂಡಿಲ್ಲ ಎಂದು ಯೊವಾನ್ನನ ಶುಭಸಂದೇಶವೂ ಮೊದಲ ಅಧ್ಯಾಯದಲ್ಲೇ ಹೇಳುತ್ತದೆ. ಇವು ನಿಮ್ಮ ಬೈಬಲ್ಲಿನಲ್ಲೂ ಇರುವ ಮಾತುಗಳೇ. ಜರ್ಮನಿಯಲ್ಲಿ 1563ರಲ್ಲಿ ಹೊರಬಂದ ಹೈಡೆಲ್‌ಬರ್ಗ್ ಧರ್ಮಪ್ರಶ್ನೋತ್ತರಿ ದೇವರ ಚಿತ್ರ ಬರೆಯಲಾಗದು, ಬರೆಯಲೂ ಬಾರದು ಎಂದು ಖಂಡಿತವಾಗಿ ಹೇಳಿತು. ಈ ಕಡೆಯ ಸಿಎಸ್ಐ ಸಭೆಗಳಿಗೆ ಮೂಲವಾದ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಹಿನ್ನೆಲೆಯಲ್ಲಿ ಲೂಥರನ ಪರಂಪರೆಯ ಜೊತೆಗೆ ಈ ಪರಂಪರೆಯೂ ಇತ್ತು. ಆಕೆಯ ಆತಂಕಕ್ಕೆ ಅಷ್ಟು ಹಳೆಯ ಬೇರುಗಳಿವೆ.

ಹಾಗಾದರೆ ನಮ್ಮ ಚರ್ಚುಗಳಿಗೆ ಚಿತ್ರ ಬಂದದ್ದು ಯಾವ ಧೈರ್ಯದಿಂದ? ಎಂಟನೆಯ ಶತಮಾನದಲ್ಲಿ ಬಿಜಾಂಟಿಯಂ ಚಕ್ರವರ್ತಿಗಳು ಪವಿತ್ರ ಚಿತ್ರಗಳನ್ನು ಒಡೆಸುತ್ತಿದ್ದಾಗ ದಮಾಸ್ಕಸಿನ ಸಂತ ಯೊವಾನ್ನರು ಇದಕ್ಕೆ ಉತ್ತರ ಕೊಟ್ಟರು. ಶರೀರವಿಲ್ಲದ ದೇವರನ್ನು ಬರೆಯಲಾಗದು ನಿಜ, ಆದರೆ ಆ ದೇವರೇ ಮನುಷ್ಯನಾಗಿ ಜನರ ನಡುವೆ ಬಾಳಿದ ಮೇಲೆ ಕಣ್ಣಿಗೆ ಕಂಡ ಆ ರೂಪವನ್ನು ಬರೆಯಬಹುದು ಎಂಬುದು ಅವರ ವಾದದ ಜೀವ. 787ರ ಎರಡನೆಯ ನೈಸಿಯಾ ಮಹಾಸಭೆ ಚಿತ್ರಗಳಿಗೆ ಮನ್ನಣೆ ಕೊಟ್ಟಿತು. ಇಲ್ಲೊಂದು ಸೂಕ್ಷ್ಮವಿದೆ. ಈ ವಾದ ನಿಂತಿರುವುದು ಕ್ರಿಸ್ತನ ಶರೀರದ ಮೇಲೆ. ಪಿತ ದೇವರು ಶರೀರ ಧರಿಸಲಿಲ್ಲ.

ಅದಕ್ಕೇ ಹಳೆಯ ಕಲಾವಿದರು ಬಹಳ ಕಾಲ ಹಿಂಜರಿದರು. ಅಲ್ಲೊಂದು ಇಲ್ಲೊಂದು ಅಪವಾದ ಬಿಟ್ಟರೆ ಮೊದಲ ಸಾವಿರ ವರ್ಷ ಅವರು ಪಿತನ ಇರವನ್ನು ತೋರಿಸುತ್ತಿದ್ದುದು ಒಂದು ಕೈಯಿಂದ. ಇಟಲಿಯ ರವೆನ್ನಾದಲ್ಲಿ 547ರಲ್ಲಿ ಪ್ರತಿಷ್ಠೆಯಾದ ಸಾನ್ ವಿತಾಲೆ ಚರ್ಚಿನ ಬಲಿಪೀಠದ ಬಳಿ ಒಂದು ಮೊಸಾಯಿಕ್ ಇದೆ. ಬಿಳಿ ಬಟ್ಟೆ ಹೊದಿಸಿದ ಮೇಜು, ಒಂದು ಬದಿ ಕುರಿಮರಿ ಎತ್ತಿ ಹಿಡಿದ ಆಬೇಲ, ಇನ್ನೊಂದು ಬದಿ ರೊಟ್ಟಿ ಹಿಡಿದ ಮೆಲ್ಕಿಸದೇಕ. ಮೇಲೆ ಮೋಡದಿಂದ ಇಳಿದ ಒಂದು ಕೈ. ಮುಖವಿಲ್ಲ, ಗಡ್ಡವಿಲ್ಲ. ಆದರೂ ಕಾಣಿಕೆ ಯಾರಿಗೆ ಸಲ್ಲುತ್ತಿದೆ ಎಂಬ ಅನುಮಾನ ಯಾರಿಗೂ ಬರುವುದಿಲ್ಲ.

ಬಿಳಿ ಗಡ್ಡ ಬಂದದ್ದು ದಾನಿಯೇಲನ ಗ್ರಂಥದ ಏಳನೆಯ ಅಧ್ಯಾಯದಿಂದ. ಅಲ್ಲಿ ಪ್ರವಾದಿಯ ದರ್ಶನದಲ್ಲಿ ಅನಾದಿಯಾದ ಒಬ್ಬರು ಬೆಂಕಿಯ ಸಿಂಹಾಸನದಲ್ಲಿ ನ್ಯಾಯತೀರ್ಪಿಗೆ ಕೂರುತ್ತಾರೆ. ಅವರ ತಲೆಗೂದಲು ಶುಭ್ರ ಉಣ್ಣೆಯಂತೆ ಇರುತ್ತದೆ. ಮೈಕೆಲೇಂಜೆಲೊ ಸಿಸ್ಟೈನ್ ಚಾಪೆಲ್ಲಿನ ಚಾವಣಿಗೆ 1508ರಿಂದ 1512ರವರೆಗೆ ಚಿತ್ರ ಬರೆದ ಮೇಲಂತೂ ಬೈಬಲ್ ಓದದವರಿಗೂ ಆ ಮುಖ ಪರಿಚಿತವಾಯಿತು. ರೋಮ್ ಇದಕ್ಕೆ ಕಡಿವಾಣ ಹಾಕುತ್ತಲೇ ಬಂದಿದೆ. ಇಂಥ ಚಿತ್ರ ಇದ್ದಲ್ಲಿ, ದೈವತ್ವವನ್ನು ಬಣ್ಣದಲ್ಲಿ ಹಿಡಿಯಬಹುದೆಂದು ಭಾವಿಸಬಾರದು ಎಂದು ಜನರಿಗೆ ತಿಳಿಹೇಳಬೇಕೆಂದು ಟ್ರೆಂಟ್ ಮಹಾಸಭೆ ವಿಧಿಸಿದ್ದೂ ಅದೇ 1563ರಲ್ಲಿ. 1745ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್, ಪಿತನನ್ನು ಧರ್ಮಗ್ರಂಥದ ದರ್ಶನದಲ್ಲಿ ಕಂಡ ರೂಪದಲ್ಲಿ ಬರೆಯಬಹುದು ಎಂದರು. ಆದರೆ ಪವಿತ್ರಾತ್ಮರನ್ನು ತರುಣನ ರೂಪದಲ್ಲಿ ಬರೆಯುವುದನ್ನು ಒಪ್ಪಲಿಲ್ಲ. ಆರ್ಥೊಡಾಕ್ಸರು ಇನ್ನೂ ಬಿಗಿ. 1666–67ರ ಮಾಸ್ಕೋ ಮಹಾಸಭೆ ಪಿತನ ವೃದ್ಧರೂಪವನ್ನೇ ನಿಷೇಧಿಸಿತು. ಅವರು ತಲೆಬಾಗುವುದು ಆಂದ್ರೇಯ್ ರುಬ್ಲ್ಯೋವ್ ಬರೆದ, ಅಬ್ರಹಾಮನ ಮನೆಗೆ ಬಂದ ಮೂವರು ದೂತರ ಚಿತ್ರಕ್ಕೆ.

ಇನ್ನು ಮಗನ ಪ್ರಶ್ನೆ. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ, ಇವತ್ತೇ ಕೂರಿಸಿಕೊಂಡು ಉತ್ತರ ಹೇಳಿ. ದೇವರಿಗೆ ವಯಸ್ಸಾಗುವುದಿಲ್ಲ. ಆ ಬಿಳಿ ಕೂದಲು ಮುಪ್ಪಲ್ಲ, ಎಲ್ಲಕ್ಕೂ ಮೊದಲೇ ಇದ್ದವರು ಎಂದು ತೋರಿಸುವ ಗುರುತು. ಬೈಬಲ್ಲಿನ ಕೊನೆಯ ಗ್ರಂಥದಲ್ಲಿ, ಪುನರುತ್ಥಾನರಾದ ಯೇಸುವಿಗೂ ಇದೇ ಉಣ್ಣೆಯಂಥ ಬಿಳಿ ಕೂದಲು ಇದೆ. ಯೇಸು ಶಿಲುಬೆಯಲ್ಲಿ ಸತ್ತದ್ದು ಮುದುಕರಾಗಿ ಅಲ್ಲವಲ್ಲ! ದೇವರು ಗಂಡೂ ಅಲ್ಲ, ಹೆಣ್ಣೂ ಅಲ್ಲ ಎಂದು ನಿಮ್ಮ ಧರ್ಮಸಭೆಯ ಧರ್ಮೋಪದೇಶ ಗ್ರಂಥದಲ್ಲೇ ಇದೆ. ತಾಯಿ ಸಂತೈಸುವಂತೆ ಸಂತೈಸುವೆನೆಂದು ದೇವರು ಹೇಳಿದ್ದು ಯೆಶಾಯನ ಗ್ರಂಥದಲ್ಲಿದೆ. ಅದನ್ನೂ ಹೇಳಿ, ಮಕ್ಕಳಿಗೆ ಅರ್ಥವಾಗುತ್ತದೆ.

ಸ್ಕೆಚ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಈ ಸಿಂಹಾಸನದ ಚಿತ್ರವನ್ನು ನಾನು ಆರಿಸುತ್ತಿರಲಿಲ್ಲ. ತಪ್ಪೆಂದಲ್ಲ. ನಿಮ್ಮ ಪ್ರಾರ್ಥನೆಗೆ ಈಗಲೇ ಅಡ್ಡ ಬರುತ್ತಿರುವ ಮುಖವನ್ನು ಪ್ರತಿ ಭಾನುವಾರ ಎದುರಿಗಿಟ್ಟುಕೊಳ್ಳುವುದೇಕೆ? ಎರಡು ದಾರಿಗಳಿವೆ. ಒಂದು, ರವೆನ್ನಾದ ರೀತಿ: ನಡುವೆ ಕ್ರಿಸ್ತ, ಮೇಲೆ ಪಾರಿವಾಳ, ಅದರ ಮೇಲೆ ಮೋಡದಿಂದ ಚಾಚಿದ ಕೈ. ಇನ್ನೊಂದು, ಫ್ಲಾರೆನ್ಸಿನ ಸಾಂತಾ ಮರಿಯಾ ನೊವೆಲ್ಲಾ ಚರ್ಚಿನ ಗೋಡೆಗೆ ಸುಮಾರು 1427ರಲ್ಲಿ ಮಸಾಚ್ಚೊ ಬರೆದ ರೀತಿ. ಅದರಲ್ಲಿ ಪಿತನ ಮುಖವೂ ಗಡ್ಡವೂ ಇವೆ. ಆದರೆ ಕೈಯಲ್ಲಿ ಭೂಗೋಳವಿಲ್ಲ. ಮಗನ ಹಿಂದೆ ನಿಂತು ಶಿಲುಬೆಯ ಅಡ್ಡತೊಲೆಯನ್ನು ಎರಡೂ ಕೈಗಳಿಂದ ಹಿಡಿದಿದ್ದಾರೆ. ಮಗನ ನೋವನ್ನು ಹೊತ್ತ ತಂದೆ ಅವರು. ಅದನ್ನು ನೋಡಿದವರಿಗೆ ಅವರ ವಯಸ್ಸೆಷ್ಟು ಎಂದು ಕೇಳಬೇಕೆನಿಸದು. ನನಗೆ ಮೊದಲನೆಯದೇ ಹಿಡಿಸುತ್ತದೆ. ಅಕ್ಕನೂ ಅದರ ಮುಂದೆ ಸ್ವಲ್ಪ ಹಗುರಾಗಿ ನಿಂತಾರು.

ಸ್ಕೆಚ್ ಹಿಡಿದು ಮೊದಲು ನಿಮ್ಮ ಧರ್ಮಗುರುಗಳ ಹತ್ತಿರ ಹೋಗಿ. ಬಲಿಪೀಠದ ಗೋಡೆಯ ಮಾತು ಮನೆಯವರೇ ತೀರ್ಮಾನಿಸುವಂಥದ್ದಲ್ಲ, ಧರ್ಮಪ್ರಾಂತ್ಯದ ಒಪ್ಪಿಗೆಯೂ ಬೇಕಾದೀತು. ಆಮೇಲೆ ಅಕ್ಕನ ಮನೆಗೆ ಹೋಗಿ, ನಿನ್ನ ಮಾತಿನಿಂದಲೇ ಇಷ್ಟೆಲ್ಲ ಯೋಚಿಸಿದೆ ಎಂದು ಹೇಳಿ. ಚಿತ್ರವನ್ನು ಒಪ್ಪಿಕೋ ಎಂದು ಒತ್ತಾಯಿಸಬೇಡಿ, ಆಕೆಯ ಮನಸ್ಸಾಕ್ಷಿಗೂ ನಿಮ್ಮದರಷ್ಟೇ ಹಕ್ಕಿದೆ. ಆಶೀರ್ವಾದದ ದಿನ ಮಾವನ ಆತ್ಮಕ್ಕಾಗಿ ಪೂಜೆ ಇಡಿಸಿದರೆ, ಊಟಕ್ಕೆ ಅಕ್ಕನನ್ನು ಮರೆಯದೆ ಕರೆಯಿರಿ.